ಓದುಗರ ಪ್ರಶ್ನೆ, ತಜ್ಞರ ಉತ್ತರ: ಬಸುರಿ, ಬಾಣಂತಿ ಮತ್ತು ಎಚ್‌ಐವಿ

ಬಸುರಿಯರ ಎಚ್‌ಐವಿ ಪರೀಕ್ಷೆ ಮತ್ತು ಚಿಕಿತ್ಸೆಯ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಆರ್‌ಟಿ ಚಿಕಿತ್ಸೆ (ಎಚ್‌ಐವಿಯನ್ನು ಹತ್ತಿಕ್ಕುವ ಗುಳಿಗೆಗಳ ಚಿಕಿತ್ಸೆ) ನೀಡುವ ವೈದ್ಯರು ಮತ್ತು ಆಪ್ತಸಮಾಲೋಚಕರು ಸೇರಿ ಉತ್ತರಿಸಿದ್ದಾರೆ. ಬರೆದವರ ಹೆಸರಾಗಲೀ ಊರಾಗಲೀ ಇಲ್ಲಿಲ್ಲ, ತಾಲ್ಲೂಕಿನ ಹೆಸರು ಮಾತ್ರ ಇದೆ.

ನನಗೀಗ ಮೂರು ತಿಂಗಳು. ಪಿಎಚ್‌ಸಿಯೊಳಗ ಬೆರಳು ಚುಚ್ಚಿ ರಕ್ತ ನೋಡಿದ್ರು. “ರಿಯಾಕ್ಟಿವ್ ಬಂದೈತಿ, ತಾಲ್ಲೂಕು ದವಾಖಾನಿ ಐಸಿಟಿಸಿಗೆ ಹೋಗ್ರಿ” ಅಂದ್ರು. ಅಂದ್ರ ನನಗ ಎಚ್‌ಐವಿ ಐತಿ ಅಂತನ? ಎರಡು ವಾರ ಆತು, ಹೋಗಾಕ ಧೈರ್ಯ ಆಗವಲ್ದು.
— ಇಂಡಿ ತಾಲ್ಲೂಕು

ತಂಗಿ, ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಪಿಎಚ್‌ಸಿಯಲ್ಲಿ ಮಾಡಿದ್ದು ಸೋಸುವ ಪರೀಕ್ಷೆ. ಯಾರೊಬ್ಬರೂ ತಪ್ಪಿಹೋಗಬಾರದೆಂದು ಅದರ ಬಲೆಯ ಕಣ್ಣನ್ನು ಸಣ್ಣದಾಗಿಟ್ಟಿರುತ್ತಾರೆ. ಹಾಗಾಗಿ ಸೋಂಕಿಲ್ಲದ ಕೆಲವರೂ ಅದರಲ್ಲಿ ಸಿಕ್ಕಿಬೀಳುತ್ತಾರೆ. ಲೆಕ್ಕಕ್ಕೆಂದು 10,000 ಬಸುರಿಯರನ್ನು ಹಿಡಿಯೋಣ. ಅವರಲ್ಲಿ ನಿಜವಾಗಿ ಸೋಂಕಿರುವವರು 20 ಜನ, ಕಿಟ್ಟು ನೂರಕ್ಕೆ ಒಬ್ಬರಲ್ಲಿ ತಪ್ಪು ತೋರಿಸುತ್ತದೆ ಎಂದುಕೊಳ್ಳಿ. ಆಗ 20 ನಿಜ, ಸುಮಾರು 100 ಸುಳ್ಳು, ಎಲ್ಲ ಸೇರಿ 120 ಜನರಿಗೆ “ರಿಯಾಕ್ಟಿವ್” ಬರುತ್ತದೆ. ಇವರನ್ನೇ ಬೇರೆ ಬಗೆಯ ಎರಡನೇ ಕಿಟ್ಟಿನಲ್ಲಿ ನೋಡಿದರೆ ಆ 100ರಲ್ಲಿ ಒಬ್ಬರು ಉಳಿದಾರು. ಮೂರನೆಯದರಲ್ಲಿ ಅವರೂ ಉಳಿಯುವುದಿಲ್ಲ. ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಕಿಟ್ಟುಗಳಲ್ಲಿ ನೋಡುವುದು ಇದೇ ಕಾರಣಕ್ಕೆ. ಮೂರರಲ್ಲೂ ಬಂದರೆ ಮಾತ್ರ ಪಾಸಿಟಿವ್ ಎಂದು ಬರೆದುಕೊಡುತ್ತಾರೆ. ಕಿಟ್ಟುಗಳು ಒಂದಕ್ಕೊಂದು ಹೊಂದದಿದ್ದರೆ 14 ದಿನ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ.

ಹೊಟ್ಟೆ ಖಾಲಿ ಇರಬೇಕೆಂದಿಲ್ಲ, ರೊಕ್ಕ ಕೊಡಬೇಕಿಲ್ಲ. ತಾಯಿ ಕಾರ್ಡ್ ಮತ್ತು ಪಿಎಚ್‌ಸಿ ಕೊಟ್ಟ ಚೀಟಿ ಒಯ್ಯಿರಿ. ತೋಳಿನಿಂದ ಸ್ವಲ್ಪ ರಕ್ತ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಫಲಿತಾಂಶ ಸಿಗುತ್ತದೆ. ಪರೀಕ್ಷೆಗೆ ಮೊದಲು ಮತ್ತು ನಂತರ ಆಪ್ತಸಮಾಲೋಚಕರು ನಿಮ್ಮೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಅಲ್ಲಿ ಏನು ಬೇಕಾದರೂ ಕೇಳಬಹುದು.

ಆದರೆ ಎರಡು ವಾರ ಕಳೆದದ್ದು ಸಾಕು, ನಾಳೆಯೇ ಹೋಗಿ. ಚಿಕಿತ್ಸೆಯೇ ಇಲ್ಲದೆ ಹೆತ್ತು ಹಾಲೂಡಿಸಿದರೆ ಸೋಂಕಿರುವ 100 ತಾಯಂದಿರಲ್ಲಿ 15ರಿಂದ 45 ಜನರ ಮಕ್ಕಳಿಗೆ ಎಚ್‌ಐವಿ ಬರುತ್ತದೆ. ಗುಳಿಗೆ ಶುರು ಮಾಡಿ, ಹಾಲೂಡಿಸುವ ಅಷ್ಟೂ ದಿನ ಬಿಡದೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಬಸುರಿಗೆ ಮೊದಲೇ ವೈರಸ್ ಪೂರ್ತಿ ಅಡಗಿದ್ದರೆ, ಅಂದರೆ ಎಣಿಕೆಗೆ ಸಿಗದಷ್ಟು ಕಡಿಮೆಯಾಗಿದ್ದರೆ, 1ಕ್ಕಿಂತಲೂ ಕಡಿಮೆ. ಮೂರನೇ ತಿಂಗಳಲ್ಲಿ ಗೊತ್ತಾದವರಿಗೆ ವೈರಸ್ಸನ್ನು ಅಡಗಿಸಲು ಹೆರಿಗೆಗೆ ಮುಂಚೆ ಆರು ತಿಂಗಳು ಸಿಗುತ್ತದೆ. ಎಂಟರಲ್ಲಿ ಗೊತ್ತಾದವರಿಗೆ ಒಂದೇ ತಿಂಗಳು.

ಮೂರು ತಿಂಗಳಿದ್ದಾಗ ಮಾಡಿದ ಪರೀಕ್ಷೆ ನೆಗೆಟಿವ್ ಬಂದಿದೆ. ನಮ್ಮ ಮನೆಯವರು ಲಾರಿ ಡ್ರೈವರ್. ಮತ್ತೊಮ್ಮೆ ಮಾಡಿಸಬೇಕೇ?
— ಹುನಗುಂದ ತಾಲ್ಲೂಕು

ಮಾಡಿಸಿ, ಏಳು-ಎಂಟನೇ ತಿಂಗಳಲ್ಲಿ. ನಿಮ್ಮವರನ್ನೂ ಕರೆದುಕೊಂಡು ಹೋಗಿ. ಹೊಸದಾಗಿ ಸೋಂಕು ತಗುಲಿದ ಮೊದಲ ಕೆಲವು ವಾರ ಕಿಟ್ಟಿಗೆ ಅದು ಕಾಣುವುದಿಲ್ಲ. ರಕ್ತದಲ್ಲಿ ವೈರಸ್ ವಿಪರೀತ ಏರುವುದೂ ಅದೇ ವಾರಗಳಲ್ಲಿ. ಬಸುರಿಯಾಗಿದ್ದಾಗ ಅಥವಾ ಹಾಲೂಡಿಸುವಾಗ ಹೀಗಾದರೆ ಕೂಸಿಗೆ ಅಪಾಯ ಬಹಳ ಹೆಚ್ಚು. ಗಂಡನಿಗೆ ಸೋಂಕಿದೆ ಎಂದು ಗೊತ್ತಾದರೆ ಅವರಿಗೆ ತಕ್ಷಣ ಚಿಕಿತ್ಸೆ ಶುರುವಾಗಬೇಕು. ಅವರ ವೈರಸ್ ಅಡಗುವ ತನಕ ಕಾಂಡೋಮ್ ಬಿಡಬೇಡಿ, ಹೆರಿಗೆಯ ನಂತರವೂ. ಇದರ ಜೊತೆಗೇ ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಇನ್ನೊಂದು ಸೋಂಕು) ಪರೀಕ್ಷೆಯೂ ಆಗಿದೆಯೇ ಎಂದು ಕೇಳಿ. ಈಗ ಒಂದೇ ಪಟ್ಟಿಯಲ್ಲಿ ಎರಡನ್ನೂ ನೋಡುವ ಕಿಟ್ಟುಗಳಿವೆ. ಸಿಫಿಲಿಸ್ ಇದ್ದರೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಆಗಿರಬೇಕು.

ಐದು ತಿಂಗಳ ಬಸುರಿ. ಎಆರ್‌ಟಿ ಕೇಂದ್ರದಿಂದ ದಿನಕ್ಕೊಂದು ದೊಡ್ಡ ಗುಳಿಗೆ ಕೊಟ್ಟಾರ. ಆಶಾ ಅಕ್ಕಾರು ಕಬ್ಬಿಣದ ಕೆಂಪು ಗುಳಿಗಿ, ಕ್ಯಾಲ್ಸಿಯಂ ಕೊಟ್ಟಾರ. ಎದಿ ಉರಿ ಆಗ್ತೈತಿ ಅಂತ ಮೆಡಿಕಲ್ ಅಂಗಡಿಯಿಂದ ಗುಲಾಬಿ ಔಷಧನೂ ತರಿಸೀನಿ. ಎಲ್ಲಾ ಒಮ್ಮೆಲೆ ನುಂಗಬಹುದ?
— ಬೀಳಗಿ ತಾಲ್ಲೂಕು

ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ದಿನವೂ ಗುಳಿಗೆ ತಪ್ಪಿಸದವರಲ್ಲೂ ವೈರಸ್ ಇಳಿಯದಿದ್ದಾಗ ನಾವು ಮೊದಲು ಹುಡುಕುವ ಕಾರಣಗಳಲ್ಲಿ ಇದೊಂದು.

ನಿಮ್ಮ ದೊಡ್ಡ ಗುಳಿಗೆಯ ಹೆಸರು ಟಿಎಲ್‌ಡಿ. ಅದರಲ್ಲಿ ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300 ಮಿಲಿಗ್ರಾಂ, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಹೀಗೆ ಮೂರು ಔಷಧ ಸೇರಿವೆ. ವೈರಸ್ಸನ್ನು ಬೇಗ ಇಳಿಸುವುದು ಮೂರನೆಯದು, ಡೊಲುಟೆಗ್ರಾವಿರ್. ಆದರೆ ಅದು ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಸಿಕ್ಕರೆ ಅವುಗಳಿಗೆ ಅಂಟಿಕೊಂಡುಬಿಡುತ್ತದೆ. ಅಂಟಿದ್ದು ರಕ್ತಕ್ಕೆ ಇಳಿಯದೆ ಮಲದಲ್ಲಿ ಹೋಗುತ್ತದೆ. ನೀವು ಗುಳಿಗೆ ನುಂಗಿರುತ್ತೀರಿ, ರಕ್ತಕ್ಕೆ ಮಾತ್ರ ಅರ್ಧಂಬರ್ಧ ಸೇರಿರುತ್ತದೆ.

ಹಾಗಂತ ಕಬ್ಬಿಣ, ಕ್ಯಾಲ್ಸಿಯಂ ಬಿಡಬೇಡಿ. ರಕ್ತಹೀನತೆಯಿಂದ ಹೆರಿಗೆಯಲ್ಲಿ ಆಗುವ ಅಪಾಯ ಸಣ್ಣದಲ್ಲ. ಹೊತ್ತು ಬದಲಿಸಿದರೆ ಸಾಕು. ಖಾಲಿ ಹೊಟ್ಟೆಯಲ್ಲಾದರೆ ಟಿಎಲ್‌ಡಿ ತೆಗೆದುಕೊಂಡು 2 ತಾಸಾದ ಮೇಲೆ ಅವನ್ನು ತೆಗೆದುಕೊಳ್ಳಬೇಕು, ಇಲ್ಲವೇ ಅವು ಮೊದಲಾಗಿದ್ದರೆ 6 ತಾಸು ಬಿಟ್ಟು ಟಿಎಲ್‌ಡಿ. ನಮ್ಮ ಕಡೆಯ ದಿನಚರಿಗೆ ಇದನ್ನು ಹೀಗೆ ಹೊಂದಿಸಬಹುದು: ಬೆಳಿಗ್ಗೆ 6ಕ್ಕೆ ಎದ್ದ ಕೂಡಲೇ ಟಿಎಲ್‌ಡಿ. 9ಕ್ಕೆ ನ್ಯಾರಿ ಮಾಡಿದ ಮೇಲೆ ಕ್ಯಾಲ್ಸಿಯಂ. ಮಧ್ಯಾಹ್ನ ಊಟವಾಗಿ ಎರಡು ತಾಸಿಗೆ, ಅಂದರೆ 3ರ ಸುಮಾರಿಗೆ, ಕಬ್ಬಿಣದ ಕೆಂಪು ಗುಳಿಗೆ, ಲಿಂಬು ಪಾನಕದ ಜೊತೆಗಾದರೆ ಉತ್ತಮ, ಚಹಾದ ಜೊತೆ ಬೇಡ. ರಾತ್ರಿ 9ಕ್ಕೆ ಊಟದ ಜೊತೆ ಎರಡನೇ ಕ್ಯಾಲ್ಸಿಯಂ. ಅಲ್ಲಿಂದ ಮರುದಿನ ಬೆಳಿಗ್ಗೆ 6ಕ್ಕೆ 9 ತಾಸಾಗಿರುತ್ತದೆ.

ಬೆಳಗಿನ ಹೊತ್ತು ವಾಕರಿಕೆ ಇರುವವರಿಗೆ ಇನ್ನೊಂದು ದಾರಿಯಿದೆ. ಹೊಟ್ಟೆತುಂಬ ಊಟದ ಜೊತೆ ತೆಗೆದುಕೊಂಡರೆ ಟಿಎಲ್‌ಡಿಯನ್ನೂ ಕ್ಯಾಲ್ಸಿಯಮ್ಮನ್ನೂ ಒಟ್ಟಿಗೇ ನುಂಗಬಹುದು, ಅನ್ನ-ರೊಟ್ಟಿ ಇರುವಾಗ ಆ ತೊಡಕು ಬಹಳಷ್ಟು ಕಡಿಮೆಯಾಗುತ್ತದೆ. ಅಂಥವರು ರಾತ್ರಿ ಊಟಕ್ಕೆ ಕೂತಾಗ ಎರಡನ್ನೂ ತೆಗೆದುಕೊಂಡುಬಿಡಿ. ಊಟ ಎಂದರೆ ರೊಟ್ಟಿ-ಪಲ್ಯ, ಅನ್ನ-ಸಾರಿನ ಊಟ. ಎರಡು ಬಿಸ್ಕೀಟು ಊಟವಲ್ಲ.

ಗುಲಾಬಿ ಬಣ್ಣದ ಎದೆಯುರಿ ಔಷಧಕ್ಕೆ ಈ ರಿಯಾಯಿತಿ ಇಲ್ಲ. ಡೈಜೀನ್, ಜೆಲುಸಿಲ್ ತರಹದವುಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತವೆ. ಊಟವಾಗಿದ್ದರೂ ಅಷ್ಟೇ, ಟಿಎಲ್‌ಡಿ ಆಗಿ 2 ತಾಸಿನ ನಂತರ, ಇಲ್ಲವೇ 6 ತಾಸು ಮೊದಲು. ಎದೆಯುರಿ ದಿನವೂ ಕಾಡುತ್ತಿದ್ದರೆ ವೈದ್ಯರಿಗೆ ಹೇಳಿ, ಟಿಎಲ್‌ಡಿಗೆ ಅಡ್ಡಬಾರದ ಬೇರೆ ಔಷಧಗಳಿವೆ. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೂ ಹೇಳಲೇಬೇಕು. ಆಗ 12 ತಾಸಿಗೆ ಇನ್ನೊಂದು ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿಸಬೇಕಾಗುತ್ತದೆ. ಮೂರ್ಛೆರೋಗದ ಗುಳಿಗೆ ನಡೆಯುತ್ತಿದ್ದರೆ ಅದನ್ನೂ ತೋರಿಸಿ.

ನುಂಗಿ ಅರ್ಧ ತಾಸಿನೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಿ. ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತಿಗೆ 4 ತಾಸಿಗಿಂತ ಕಡಿಮೆ ಉಳಿದಿದ್ದರೆ ಬಿಟ್ಟು, ಮುಂದಿನದನ್ನು ಹೊತ್ತಿಗೆ ಸರಿಯಾಗಿ ನುಂಗಿ. ಎರಡನ್ನು ಒಮ್ಮೆಲೆ ನುಂಗುವುದು ಬೇಡ.

ಡಬ್ಬಿಯ ಸದ್ದಿನ ಬಗ್ಗೆಯೂ ಒಂದು ಮಾತು. 30 ಗುಳಿಗೆಯ ಪ್ಲಾಸ್ಟಿಕ್ ಡಬ್ಬಿ ಚೀಲದಲ್ಲಿ ಗಲಗಲ ಅನ್ನುತ್ತದೆ. ಯಾರಾದರೂ ಕೇಳಿಯಾರೆಂದು ಬಹಳ ಹೆಣ್ಣುಮಕ್ಕಳು ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಸೀರೆಗಳ ನಡುವೆ ಇಡುತ್ತಾರೆ. ಗುಳಿಗೆಗೆ ತೇವ ಹಿಡಿಯುತ್ತದೆ, ಔಷಧ ಕೆಡುತ್ತದೆ. ಡಬ್ಬಿಯಲ್ಲೇ ಇರಲಿ, ಒಳಗಿನ ತೇವ ಹೀರುವ ಸಣ್ಣ ಪೊಟ್ಟಣವನ್ನು ಬಿಸಾಡಬೇಡಿ. ಡಬ್ಬಿಯನ್ನೇ ದಪ್ಪ ಬಟ್ಟೆಯಲ್ಲಿ ಸುತ್ತಿಡಿ, ಸದ್ದು ನಿಲ್ಲುತ್ತದೆ.

ನನ್ನ ಗುಳಿಗೆ ಬೆಳಗಾವಿಯಲ್ಲಿ. ಗಂಡ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಸಾಂಗಲಿ ಕಡೆ ಹೋಗಿದ್ದಾರೆ. ಏಳು ತಿಂಗಳಿಗೆ ಕುಬಸ ಮಾಡಿ ತವರಿಗೆ ಕರೆದೊಯ್ಯುತ್ತಾರೆ, ತವರು ಮುದ್ದೇಬಿಹಾಳದ ಹತ್ತಿರ. ಅಲ್ಲಿ ನನ್ನ ವಿಷಯ ಯಾರಿಗೂ ಗೊತ್ತಿಲ್ಲ.
— ರಾಯಬಾಗ ತಾಲ್ಲೂಕು

ನೀವು ತವರಿಗೆ ಹೋಗುವ ಹೊತ್ತೇ ಚಿಕಿತ್ಸೆಯಲ್ಲಿ ಅತಿ ಮುಖ್ಯವಾದ ಹೊತ್ತು, ಅದಕ್ಕೇ ಈಗಿಂದಲೇ ತಯಾರಾಗಿ. ಬಸುರಿಯ 32ರಿಂದ 36ನೇ ವಾರದೊಳಗೆ ವೈರಲ್ ಲೋಡ್ ಪರೀಕ್ಷೆ ಆಗಬೇಕು, ಅಂದರೆ ಒಂದು ಮಿಲಿ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ ಎಣಿಕೆ. ಗುಳಿಗೆ ಶುರುವಾಗಿ ಎಷ್ಟೇ ದಿನವಾಗಿರಲಿ, ಈ ಎಣಿಕೆ ಬೇಕೇ ಬೇಕು. ಹೆರಿಗೆಯಾದ ಮೇಲೆ ಕೂಸಿಗೆ ಒಂದು ಔಷಧವೋ ಎರಡೋ ಎಂದು ತೀರ್ಮಾನಿಸುವುದು ಇದರ ಮೇಲೆ. ಕುಬಸಕ್ಕೆಂದು ಹೊರಟವರು ಇಲ್ಲಿಯ ಕೇಂದ್ರಕ್ಕೂ ಬರುವುದಿಲ್ಲ, ಅಲ್ಲಿಯ ಕೇಂದ್ರಕ್ಕೂ ಹೋಗುವುದಿಲ್ಲ. ಪರೀಕ್ಷೆ ಅಲ್ಲಿಗೆ ತಪ್ಪಿತು. ಕೆಲವು ಸಲ ಗುಳಿಗೆಯೂ ಮುಗಿದಿರುತ್ತದೆ. ಔಷಧ ಸೋತು ಕೂಸಿಗೆ ಸೋಂಕು ಬರುವುದು ಅಪರೂಪ. ಹೆಚ್ಚಾಗಿ ಬರುವುದು ಇಂಥ ಕಡೆ, ಒಂದು ಕೇಂದ್ರದ ಕೈಬಿಟ್ಟು ಇನ್ನೊಂದರ ಕೈ ಹಿಡಿಯದ ನಡುವಿನ ವಾರಗಳಲ್ಲಿ.

ಕುಬಸದ ದಿನ ಗೊತ್ತಾದ ಕೂಡಲೇ ಕೇಂದ್ರಕ್ಕೆ ಹೋಗಿ ಮೂರು ಕೆಲಸ ಮುಗಿಸಿ. ಒಂದು, ವಿಜಯಪುರ ಜಿಲ್ಲೆಗೆ ವರ್ಗಾವಣೆ ಪತ್ರ ಕೇಳಿ. ಅಲ್ಲಿಯ ಎಆರ್‌ಟಿ ಕೇಂದ್ರವಷ್ಟೇ ಅಲ್ಲ, ನಿಮ್ಮ ತವರಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಲಿಂಕ್ ಎಆರ್‌ಟಿ ಕೇಂದ್ರವಿದೆಯೇ ಎಂದೂ ಕೇಳಿ. ಇದ್ದರೆ ಪ್ರತಿ ಸಲ ಗುಳಿಗೆಗಾಗಿ ಜಿಲ್ಲಾ ಆಸ್ಪತ್ರೆಗೆ ಓಡಾಡುವುದು ತಪ್ಪುತ್ತದೆ. ಎರಡು, ನಡುವೆ ಖಾಲಿಯಾಗದಷ್ಟು ಗುಳಿಗೆ ತೆಗೆದುಕೊಳ್ಳಿ. ಮೂರು, ನಿಮ್ಮ 32ನೇ ವಾರ ಯಾವ ತಾರೀಖಿಗೆ ಬೀಳುತ್ತದೆಂದು ಎಆರ್‌ಟಿ ಪುಸ್ತಕದಲ್ಲಿ ಬರೆಸಿಕೊಳ್ಳಿ. ಆ ವಾರವೇ ರಕ್ತ ಕೊಡಿ, 36ರ ತನಕ ಕಾಯಬೇಡಿ. ಮಾದರಿ ಪ್ರಯೋಗಾಲಯಕ್ಕೆ ಹೋಗಿ ವರದಿ ಬರಲು ದಿನಗಳು ಹಿಡಿಯುತ್ತವೆ. ಕೂಸು ಹುಟ್ಟಿದ ಮೇಲೆ ಬಂದ ವರದಿಯಿಂದ ಹುಟ್ಟಿದ ದಿನದ ತೀರ್ಮಾನಕ್ಕೆ ಉಪಯೋಗವಾಗದು.

ತವರಿನಲ್ಲಿ ಎಲ್ಲರಿಗೂ ಹೇಳಬೇಕಿಲ್ಲ. ಒಬ್ಬರಿಗಾದರೂ ಹೇಳಲು ಸಾಧ್ಯವೇ ನೋಡಿ, ತಾಯಿಗೋ ಅಕ್ಕನಿಗೋ. ಹೆರಿಗೆ ಬ್ಯಾನಿಯಲ್ಲಿ ನೀವಿರುವಾಗ ಎಆರ್‌ಟಿ ಪುಸ್ತಕವನ್ನು ಡಾಕ್ಟರ ಕೈಗೆ ಕೊಡುವವರು ಬೇಕು. ಬಾಣಂತನದಲ್ಲಿ ಕೂಸಿನ ಔಷಧ ಯಾರ ಕಣ್ಣಿಗೂ ಬೀಳದೆ ಹಾಕುವುದೂ ಕಷ್ಟ. ಹೇಗೆ ಹೇಳುವುದೆಂದು ತಿಳಿಯದಿದ್ದರೆ ಆಪ್ತಸಮಾಲೋಚಕರ ಎದುರಿಗೇ ಹೇಳಬಹುದು, ಅವರು ಜೊತೆಗಿರುತ್ತಾರೆ. ನಿಮ್ಮವರು ಸಾಂಗಲಿಯಲ್ಲೇ ಪರೀಕ್ಷೆ ಮಾಡಿಸಿಕೊಳ್ಳಬಹುದು, ಚಿಕಿತ್ಸೆಯೂ ಅಲ್ಲಿ ಉಚಿತ.

ನಾನೊಬ್ಬ ಸ್ಟಾಫ್ ನರ್ಸ್. ಹೆರಿಗೆ ಬ್ಯಾನಿ ಜೋರಾದ ಮೇಲೆ, ತಾಯಿ ಕಾರ್ಡೂ ಇಲ್ಲದೆ ಬರುವ ಹೆಣ್ಣುಮಕ್ಕಳಿರುತ್ತಾರೆ. ಬೆರಳು ಚುಚ್ಚಿ ನೋಡಿದಾಗ ರಿಯಾಕ್ಟಿವ್ ಬಂದರೆ ಮೂರೂ ಪರೀಕ್ಷೆಗೆ ಕಾಯಬೇಕೇ? ಕೂಸಿನ ಔಷಧದ ಪ್ರಮಾಣವನ್ನೂ ತಿಳಿಸಿ.
— ಜಮಖಂಡಿ ತಾಲ್ಲೂಕು

ಕಾಯಬೇಡಿ. ತಾಯಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರಿಗೆ ಹೇಳಿ ಟಿಎಲ್‌ಡಿ ಮೊದಲ ಗುಳಿಗೆ ಅಲ್ಲೇ ಕೊಡಿಸಿ. ಮಾದರಿಯನ್ನು ಐಸಿಟಿಸಿಗೆ ಕಳಿಸಿ. ಮುಂದೆ ನೆಗೆಟಿವ್ ಎಂದಾದರೆ ತಾಯಿಯದನ್ನೂ ಕೂಸಿನದನ್ನೂ ನಿಲ್ಲಿಸಿದರಾಯಿತು.

ಹೆರಿಗೆ ಸಹಜವಾಗಿಯೇ ಆಗಲಿ. ನೀರಿನ ಚೀಲವನ್ನು ತಾವಾಗಿ ಒಡೆಯಬೇಡಿ, ಒಳಪರೀಕ್ಷೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅನಿವಾರ್ಯವಲ್ಲದೆ ಕೊಯ್ತ, ಇಕ್ಕಳ, ವ್ಯಾಕ್ಯೂಮ್ ಬೇಡ. ಕೂಸಿನ ಮೈಮೇಲಿನ ರಕ್ತ, ಲೋಳೆಯನ್ನು ಮೆತ್ತಗೆ ಒರೆಸಿ. ಕೈಗವಸು, ಏಪ್ರನ್, ಕನ್ನಡಕ ಪ್ರತಿ ಹೆರಿಗೆಗೂ ಇರಬೇಕು, ಯಾಕೆಂದರೆ ನೆಗೆಟಿವ್ ವರದಿ ಇದ್ದವರೂ ವಿಂಡೋ ಅವಧಿಯಲ್ಲಿ, ಅಂದರೆ ಸೋಂಕಿದ್ದೂ ಕಿಟ್ಟಿಗೆ ಕಾಣದ ಮೊದಲ ವಾರಗಳಲ್ಲಿ, ಇರಬಹುದು.

ಕೂಸಿನ ಔಷಧ ನೆವಿರಪಿನ್ ಸಿರಪ್, 1 ಮಿಲಿಯಲ್ಲಿ 10 ಮಿಲಿಗ್ರಾಂ. ಹುಟ್ಟಿದ ತೂಕ 2,500 ಗ್ರಾಂ ಮೀರಿದ್ದರೆ ದಿನಕ್ಕೊಮ್ಮೆ 1.5 ಮಿಲಿ. 2,000ದಿಂದ 2,500 ಗ್ರಾಂ ಇದ್ದರೆ 1 ಮಿಲಿ. 2,000 ಗ್ರಾಮಿಗಿಂತ ಕಡಿಮೆಯಿದ್ದರೆ ಕೆಜಿಗೆ 0.2 ಮಿಲಿಯಂತೆ, ಅಂದರೆ 1,600 ಗ್ರಾಮಿನ ಕೂಸಿಗೆ ಸುಮಾರು 0.3 ಮಿಲಿ. ತಾಯಿಯ ವೈರಸ್ ಅಡಗಿದ್ದರೆ ಇದೊಂದೇ, 6 ವಾರ ಸಾಕು.

ತಾಯಿಗೆ ಗುಳಿಗೆಯೇ ಇರಲಿಲ್ಲ, ಹೆರಿಗೆಗೆ ಮುಂಚಿನ 6 ವಾರದೊಳಗೆ ಸೋಂಕು ಪತ್ತೆಯಾಯಿತು, 32ನೇ ವಾರದ ನಂತರ ವೈರಲ್ ಲೋಡ್ ಆಗಲೇ ಇಲ್ಲ, ಅಥವಾ ಆಗಿದ್ದರೂ ವೈರಸ್ ಅಡಗಿರಲಿಲ್ಲ: ಇವುಗಳಲ್ಲಿ ಯಾವುದೊಂದಿದ್ದರೂ ಆ ಕೂಸು ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತದೆ. ಅದಕ್ಕೆ ನೆವಿರಪಿನ್ ಜೊತೆ ಜಿಡೊವುಡಿನ್ ಸಿರಪ್ಪೂ ಬೇಕು. ಅದೂ 1 ಮಿಲಿಗೆ 10 ಮಿಲಿಗ್ರಾಂ, ಆದರೆ ದಿನಕ್ಕೆ ಎರಡು ಸಲ: 2,500 ಗ್ರಾಂ ಮೀರಿದರೆ 1.5 ಮಿಲಿ, 2,000ದಿಂದ 2,500ಕ್ಕೆ 1 ಮಿಲಿ, ಅದಕ್ಕಿಂತ ಕಡಿಮೆಗೆ 0.5 ಮಿಲಿ. ಎದೆಹಾಲು ಕುಡಿಯುವ ಕೂಸಿಗೆ ಈ ಎರಡೂ 12 ವಾರ, ಮೇಲುಹಾಲೊಂದೇ ಕುಡಿಯುವ ಕೂಸಿಗೆ 6 ವಾರ. ಹುಟ್ಟಿದ ಮೊದಲ ಕೆಲವು ತಾಸಿನಲ್ಲೇ ಶುರುವಾಗಬೇಕು. 72 ತಾಸು ಕಳೆದ ಮೇಲೆ ಕೊಟ್ಟರೆ ಪ್ರಯೋಜನ ಬಹಳ ಕುಗ್ಗುತ್ತದೆ.

ಎಡವುವುದು ಎಲ್ಲಿ ಎಂದರೆ ಅಳತೆಯಲ್ಲಿ. ಮನೆಯ ಚಮಚ 5 ಮಿಲಿಯದು, ಕೂಸಿಗೆ ಬೇಕಾದ್ದು 1.5. ಸೂಜಿಯಿಲ್ಲದ 2 ಮಿಲಿ ಸಿರಿಂಜ್ ಕೊಟ್ಟು, ಆ ಗೆರೆಯ ಮೇಲೆ ಬಣ್ಣದ ಟೇಪು ಸುತ್ತಿ, ಬಾಣಂತಿಯ ಕೈಯಿಂದಲೇ ಒಮ್ಮೆ ಎಳೆಸಿ ನೋಡಿ. ಬಾಟಲಿಯನ್ನು ಪ್ರತಿ ಸಲ ಮೆಲ್ಲಗೆ ಅಲುಗಾಡಿಸಬೇಕು, ಇಲ್ಲದಿದ್ದರೆ ಔಷಧ ತಳದಲ್ಲೇ ಕೂರುತ್ತದೆ. ಸಿರಿಂಜಿನ ತುದಿ ನಾಲಗೆಯ ಮೇಲಲ್ಲ, ಕೆನ್ನೆಯ ಒಳಬದಿಗಿರಲಿ. 1.5 ಮಿಲಿಯಂತೆ 42 ದಿನಕ್ಕೆ 63 ಮಿಲಿ ಬೇಕು. ಬಿಡುಗಡೆಯ ದಿನ ಅಷ್ಟು ಔಷಧ ಅವರ ಚೀಲದಲ್ಲಿದೆಯೇ ಎಂದು ಎಣಿಸಿ ನೋಡಿ, ಸೋರಿ ಹೋಗುವುದಕ್ಕೂ ಒಂದಿಷ್ಟು ಹೆಚ್ಚಿರಲಿ.

ನಮ್ಮ ಸೊಸಿ ಎಲ್ಲಾ ನನಗ ಹೇಳ್ಯಾಳ, ಗುಳಿಗಿ ಬಿಡದಂಗ ನೋಡಿಕೊಂಡೀನಿ. ಈಗ ಹಡದಾಳ್ರಿ. ಎದಿಹಾಲು ಕುಡಿಸಬಾರದು ಅಂತಾರ ಕೆಲವರು. ಅದಕ್ಕ ಅರ್ಧ ಎದಿಹಾಲು, ಅರ್ಧ ಆಕಳ ಹಾಲು ಮಾಡಿದ್ರ ಹೆಂಗ? ಗುಟ್ಟಿ ತೇದು ಹಾಕಬಹುದೇನ್ರಿ?
— ಸವದತ್ತಿ ತಾಲ್ಲೂಕು

ಅಮ್ಮಾ, ಸೊಸೆ ನಿಮ್ಮ ಮೇಲೆ ಇಟ್ಟ ನಂಬಿಕೆಯನ್ನು ನೀವು ಉಳಿಸಿಕೊಂಡಿದ್ದೀರಿ. ಅರ್ಧ-ಅರ್ಧ ಮಾತ್ರ ಮಾಡಲೇಬೇಡಿ. ಎದೆಹಾಲೊಂದೇ, ಮೇಲುಹಾಲೊಂದೇ, ಎರಡನ್ನೂ ಬೆರೆಸುವುದು, ಈ ಮೂರು ದಾರಿಯಲ್ಲಿ ಬೆರೆಸುವುದೇ ಎಲ್ಲಕ್ಕಿಂತ ಕೆಟ್ಟದ್ದು.

ಎಳೆಗೂಸಿನ ಕರುಳಿನ ಒಳಪದರ ಹಸಿ ಗೋಡೆಯಿದ್ದಂತೆ. ಎದೆಹಾಲೊಂದನ್ನೇ ಕುಡಿದರೆ ಆ ಪದರ ಬಿರುಕಿಲ್ಲದೆ ಗಟ್ಟಿಯಾಗುತ್ತಾ ಹೋಗುತ್ತದೆ. ಆಕಳ ಹಾಲು, ಸಕ್ಕರೆ ನೀರು, ಜೇನುತುಪ್ಪ, ಗ್ರೈಪ್ ವಾಟರ್ ಬಿದ್ದರೆ ಅಲ್ಲಲ್ಲಿ ಉರಿ ಏಳುತ್ತದೆ, ಸೋಂಕಾಗುತ್ತದೆ. ಹಾಲಿನಲ್ಲಿ ಒಂದಿಷ್ಟು ವೈರಸ್ ಉಳಿದಿದ್ದರೂ ಅದಕ್ಕೆ ಒಳಗೆ ನುಗ್ಗಲು ಬಾಗಿಲು ತೆರೆದಂತಾಗುತ್ತದೆ. ಆದ್ದರಿಂದ ಮೊದಲ 6 ತಿಂಗಳು ಎದೆಹಾಲೊಂದೇ. ಬೇಸಿಗೆಯಿದ್ದರೂ ನೀರು ಬೇಡ, ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಗುಟ್ಟಿಯೂ ಬೇಡ. ಬಜೆ, ಅಳಲೆಕಾಯಿ ತೇಯುವ ಕಲ್ಲು, ಬೆರೆಸುವ ನೀರು, ಹಾಕುವ ಬೆರಳು, ಇಷ್ಟೂ ಕಡೆಯಿಂದ ಭೇದಿಯ ರೋಗಾಣು ಹೋಗುತ್ತದೆ. ಹಿರಿಯರ ಪದ್ಧತಿ ಬಿಡುವುದು ನಿಮಗೆ ಕಷ್ಟವೆಂದು ಗೊತ್ತು. ಈ ಕೂಸಿಗೆ ಮಾತ್ರ ಬಿಡಿ. ಡಾಕ್ಟರು ಕೊಟ್ಟ ಸಿರಪ್, ಲಸಿಕೆ ಹನಿ ಹಾಕಲು ಅಡ್ಡಿಯಿಲ್ಲ.

ಮೇಲುಹಾಲೊಂದನ್ನೇ ಕೊಡುವೆನೆಂದರೆ ಅದೂ ಸಾಧ್ಯ. ಆದರೆ ಆರು ತಿಂಗಳು ಒಂದು ಹೊತ್ತೂ ತಪ್ಪದೆ ಹಾಲಿನ ಪುಡಿ ಕೊಳ್ಳುವ ಶಕ್ತಿ, ಪ್ರತಿ ಸಲ ಕುದಿಸಿದ ನೀರು, ರಾತ್ರಿ ಎರಡಕ್ಕೂ ಕುದಿಸಿದ ವಾಟಿ-ಚಮಚ ಇವೆಲ್ಲ ಇರಬೇಕು. ಇಲ್ಲದಿದ್ದರೆ ಎಚ್‌ಐವಿಗಿಂತ ಭೇದಿ, ನ್ಯುಮೋನಿಯಾಗಳೇ ಕೂಸಿನ ಜೀವಕ್ಕೆ ಹೆಚ್ಚು ಅಪಾಯ ತರುತ್ತವೆ. ಸೊಸೆ ಗುಳಿಗೆ ಬಿಡದೆ ತೆಗೆದುಕೊಳ್ಳುತ್ತಿದ್ದಾಳಲ್ಲ, ಎದೆಹಾಲೇ ಒಳ್ಳೆಯದು.

ಮೊಲೆತೊಟ್ಟು ಒಡೆದು ರಕ್ತ ಬಂದರೆ, ಮೊಲೆ ಕೆಂಪಾಗಿ ಬಾತು ಜ್ವರ ಬಂದರೆ ಆ ಬದಿಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಬದಿ ಕುಡಿಸಿ, ಅದೇ ದಿನ ದವಾಖಾನೆಗೆ ತೋರಿಸಿ. 6 ತಿಂಗಳ ನಂತರ ರಾಗಿ ಗಂಜಿ, ಮೆತ್ತಗಿನ ಅನ್ನ-ಬೇಳೆ ಶುರು ಮಾಡಿ, ಹಾಲು 12 ತಿಂಗಳ ತನಕ ನಡೆಯಲಿ. ಬಿಡಿಸುವಾಗ ಒಂದೇ ದಿನಕ್ಕೆ ಬೇವು ಹಚ್ಚಿ ಬಿಡಿಸಬೇಡಿ. ಒಂದು ತಿಂಗಳು ಹಿಡಿದು ಒಂದೊಂದೇ ಹೊತ್ತು ಕಡಿಮೆ ಮಾಡಿ.

ಮೂರು ತಿಂಗಳ ಮಗುವಿಗೆ ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆವು. ಪಾಸಿಟಿವ್ ಬಂತು. ಎಲ್ಲ ಮುಗಿಯಿತೇ?
— ಸಿಂದಗಿ ತಾಲ್ಲೂಕು

ಇಲ್ಲ. ಆ ಪರೀಕ್ಷೆ ಈ ವಯಸ್ಸಿಗೆ ತಕ್ಕದ್ದಲ್ಲ. ಅದು ನೋಡುವುದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು. ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಎಲ್ಲ ಮಕ್ಕಳಿಗೂ ಹೋಗುತ್ತವೆ, 18 ತಿಂಗಳವರೆಗೂ ಉಳಿಯಬಹುದು. ನಿಮ್ಮ ಕೂಸಿನಲ್ಲಿ ಕಂಡದ್ದು ತಾಯಿಯವೇ ಇರಬಹುದು.

ಕೂಸಿಗೆ ಮಾಡಬೇಕಾದ್ದು ವೈರಸ್ಸಿನ ವಂಶತಂತುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ. 6 ವಾರಕ್ಕೆ ಹಿಮ್ಮಡಿ ಚುಚ್ಚಿ, ದಪ್ಪ ಸೋಸುಕಾಗದದ ಮೇಲಿನ ವೃತ್ತಗಳನ್ನು ರಕ್ತದಿಂದ ತುಂಬಿ, ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದಕ್ಕೆ ದುಡ್ಡಿಲ್ಲ. ಮುಂದೆ 6 ತಿಂಗಳಿಗೆ, 12 ತಿಂಗಳಿಗೆ ಮತ್ತೆ ನೋಡಬೇಕು. ಹಾಲು ಬಿಡಿಸಿ 6 ವಾರವಾದ ಮೇಲೆ ಒಮ್ಮೆ, 18 ತಿಂಗಳಿಗೆ ಕೊನೆಯದಾಗಿ ಮೂರು ಕಿಟ್ಟಿನ ಪರೀಕ್ಷೆ. 6 ವಾರದಿಂದ ಕೋಟ್ರೈಮಾಕ್ಸಜೋಲ್ ಸಿರಪ್ಪೂ ನಡೆಯುತ್ತಿರಬೇಕು. ಸೋಂಕಿರುವ ಎಳೆಕೂಸನ್ನು ಕಾಡುವ ಒಂದು ಬಗೆಯ ನ್ಯುಮೋನಿಯಾವನ್ನು ಅದು ತಡೆಯುತ್ತದೆ. ನಿಮ್ಮ ಕೂಸಿಗೆ ಮೂರು ತಿಂಗಳಾಗಿಹೋಗಿದೆ, ಈ ವಾರವೇ ಐಸಿಟಿಸಿಗೆ ಒಯ್ಯಿರಿ. ಪಿಸಿಆರ್‌ನಲ್ಲೂ ಬಂದರೆ ಇನ್ನೊಂದು ಮಾದರಿ ತೆಗೆದು, ಅದರ ವರದಿಗೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ. ಸೋಂಕಿರುವ ಕೂಸುಗಳಲ್ಲಿ ಚಿಕಿತ್ಸೆಯಿಲ್ಲದೆ ಹೋದರೆ ಎರಡು ವರ್ಷದೊಳಗೆ ಅರ್ಧದಷ್ಟು ಉಳಿಯುವುದಿಲ್ಲ. ಔಷಧ ಬೇಗ ಶುರುವಾದ ಮಕ್ಕಳು ಶಾಲೆಗೆ ಹೋಗಿ ಬೆಳೆದು ದೊಡ್ಡವರಾಗುತ್ತಾರೆ.

ಖಾಸಗಿ ಆಸ್ಪತ್ರೆಯೊಂದರಲ್ಲಿ “ಸಿಸೇರಿಯನ್ನೇ ಆಗಬೇಕು, ಅದಕ್ಕೂ ಹೆಚ್ಚು ಹಣ” ಎಂದರು. ಇನ್ನೊಂದರಲ್ಲಿ ಸೇರಿಸಿಕೊಳ್ಳಲೇ ಇಲ್ಲ.
— ವಿಜಯಪುರ ನಗರ

ಎಚ್‌ಐವಿ ಇದೆ ಎನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ, ನಮ್ಮ ದೇಶದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಮಗು ಅಡ್ಡ ಇದೆ, ಹೃದಯಬಡಿತ ಇಳಿಯುತ್ತಿದೆ ಮುಂತಾದ ಹೆರಿಗೆಯ ಕಾರಣಗಳಿದ್ದರೆ ಮಾಡಲಿ.

ಸೇರಿಸಿಕೊಳ್ಳದಿರುವುದು ಕಾನೂನಿಗೆ ವಿರುದ್ಧ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಖಾಸಗಿ ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ. ಚಿಕಿತ್ಸೆ ನಿರಾಕರಿಸುವಂತಿಲ್ಲ, ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ನಿಮ್ಮ ಸ್ಥಿತಿಯನ್ನು ಬೇರೆಯವರಿಗೆ ಹೇಳುವಂತಿಲ್ಲ. ದೂರು ಕೇಳಲು ರಾಜ್ಯ ಸರ್ಕಾರ ಓಂಬುಡ್ಸ್‌ಮನ್ ನೇಮಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದೇಶ 30 ದಿನದೊಳಗೆ ಆಗಬೇಕು, ತುರ್ತು ಚಿಕಿತ್ಸೆಯ ವಿಷಯವಾದರೆ ಆದಷ್ಟೂ 24 ತಾಸಿನೊಳಗೆ. ದಿನಾಂಕ, ಹೊತ್ತು, ಯಾರು ಏನೆಂದರು ಎಂಬುದನ್ನು ಅಂದೇ ಬರೆದಿಡಿ, ಚೀಟಿಗಳನ್ನು ಕಾಪಾಡಿ. 1097 ಉಚಿತ ಸಹಾಯವಾಣಿಗೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಆದರೆ ಹೆರಿಗೆ ಹತ್ತಿರವಿದ್ದರೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿ, ದೂರು ಆಮೇಲೆ.

ನರ್ಸಿಂಗ್ ವಿದ್ಯಾರ್ಥಿನಿ. ಬಡ ದೇಶಗಳಲ್ಲಿ ಈ ಚಿಕಿತ್ಸೆ ಈ ರೂಪಕ್ಕೆ ಬಂದದ್ದು ಹೇಗೆ? ಹಳೆಯ ಪುಸ್ತಕದಲ್ಲಿ ಒಂದೇ ಗುಳಿಗೆ ಸಾಕು ಎಂದಿದೆ.
— ಬೆಳಗಾವಿ

1994ರಲ್ಲಿ ಅಮೆರಿಕ-ಫ್ರಾನ್ಸ್‌ಗಳ ಅಧ್ಯಯನವೊಂದು ಜಿಡೊವುಡಿನ್‌ನಿಂದ ಸೋಂಕು ದಾಟುವುದು ಶೇ. 25.5ರಿಂದ ಶೇ. 8.3ಕ್ಕೆ ಇಳಿಯಿತೆಂದು ತೋರಿಸಿತು. ಆದರೆ ಅದಕ್ಕೆ ತಿಂಗಳುಗಟ್ಟಲೆ ಗುಳಿಗೆ, ಹೆರಿಗೆಯಲ್ಲಿ ಡ್ರಿಪ್, ಕೂಸಿಗೆ 6 ವಾರ ಸಿರಪ್ ಬೇಕಿತ್ತು. ಆಗಿನ ಬೆಲೆಯಲ್ಲಿ ಆಫ್ರಿಕಕ್ಕೂ ನಮಗೂ ನಿಲುಕದ ಮಾತು. 1999ರಲ್ಲಿ ಉಗಾಂಡಾದ ಅಧ್ಯಯನ ಹೆರಿಗೆ ನೋವಿನಲ್ಲಿ ತಾಯಿಗೆ 200 ಮಿಲಿಗ್ರಾಂ ನೆವಿರಪಿನ್ ಒಂದೇ ಗುಳಿಗೆ, ಕೂಸಿಗೆ ಒಂದೇ ಸಲ ಸಿರಪ್ ಕೊಟ್ಟು ಸೋಂಕನ್ನು ಅರ್ಧದಷ್ಟು ಇಳಿಸಿತು. ನಿಮ್ಮ ಪುಸ್ತಕ ಹೇಳುವುದು ಅದನ್ನೇ. ನಮ್ಮಲ್ಲೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ನಡೆಯಿತು.

ಅದನ್ನು ಬಿಟ್ಟದ್ದಕ್ಕೆ ಕಾರಣವಿದೆ. ನೆವಿರಪಿನ್ ರಕ್ತದಲ್ಲಿ ವಾರಗಟ್ಟಲೆ ನಿಧಾನಕ್ಕೆ ಕರಗುತ್ತದೆ. ಜೊತೆಗೆ ಬೇರೆ ಔಷಧವಿಲ್ಲದೆ ಅದೊಂದೇ ಕಡಿಮೆ ಪ್ರಮಾಣದಲ್ಲಿ ಉಳಿದಾಗ ವೈರಸ್ ಒಂದೇ ಒಂದು ಬದಲಾವಣೆಯಿಂದ ಅದನ್ನು ಮೀರಿ ನಿಲ್ಲುವುದನ್ನು ಕಲಿತುಬಿಡುತ್ತದೆ. ಮುಂದೆ ಆ ತಾಯಿಗೆ ಚಿಕಿತ್ಸೆ ಬೇಕಾದಾಗ ಔಷಧ ನಾಟುತ್ತಿರಲಿಲ್ಲ. ಹಾಲೂಡಿಸುವ ತಿಂಗಳುಗಳಿಗಂತೂ ರಕ್ಷಣೆಯೇ ಇರಲಿಲ್ಲ. ಕೂಸನ್ನು ಉಳಿಸಲು ಹೋಗಿ ತಾಯಿಯನ್ನು ಮರೆತ ಕ್ರಮವದು.

ಬದಲಾವಣೆ ಎರಡು ಕಡೆಯಿಂದ ಬಂತು. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ಮೂರು ಔಷಧಗಳ ಜೋಡಿಯನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡಲು ಮುಂದಾಯಿತು. ಆಗ ಅದರ ಬೆಲೆ 10,000 ಡಾಲರಿನ ಆಸುಪಾಸಿನಲ್ಲಿತ್ತು. 2017ರ ಒಪ್ಪಂದದಲ್ಲಿ ಟಿಎಲ್‌ಡಿ ವರ್ಷಕ್ಕೆ ಸುಮಾರು 75 ಡಾಲರಿಗೆ ಇಳಿಯಿತು. ಇನ್ನೊಂದು ಬದಲಾವಣೆ 2011ರಲ್ಲಿ ಮಲಾವಿಯಿಂದ. ಸಿಡಿ4 (ರೋಗ ತಡೆಯುವ ರಕ್ತಕಣ) ಎಣಿಸುವ ಯಂತ್ರಗಳು ಹಳ್ಳಿಗಳಲ್ಲಿ ಇಲ್ಲದ ಆ ಬಡ ದೇಶ, ಎಣಿಕೆಗೆ ಕಾಯದೆ ಸೋಂಕಿರುವ ಪ್ರತಿ ಬಸುರಿಗೂ ಆಜೀವ ಚಿಕಿತ್ಸೆ ಕೊಡಲು ನಿರ್ಧರಿಸಿತು. ಜಗತ್ತು ಅದನ್ನು ಅನುಸರಿಸಿತು. ಭಾರತದಲ್ಲಿ 2014ರ ಜನವರಿ 1ರಿಂದ ಅದೇ ನಿಯಮ. ಕ್ಯೂಬಾ 2015ರಲ್ಲಿ, ಥಾಯ್ಲೆಂಡ್ 2016ರಲ್ಲಿ, ನಮ್ಮ ಪಕ್ಕದ ಶ್ರೀಲಂಕಾ 2019ರಲ್ಲಿ ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ದಾಟುವುದನ್ನು ನಿವಾರಿಸಿದ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದವು.

ಇಬ್ಬರಿಗೂ ಸೋಂಕಿದೆ, ಮೊದಲ ಮಗಳು ನೆಗೆಟಿವ್. ಎರಡನೇ ಮಗು ಬೇಕೆನಿಸಿದೆ. ಈ ಗುಳಿಗೆಯಿಂದ ಮಗುವಿನ ಬೆನ್ನುಹುರಿಗೆ ತೊಂದರೆ ಎಂದು ಯಾರೋ ಹೇಳಿದರು.
— ಬಾದಾಮಿ ತಾಲ್ಲೂಕು

ಖಂಡಿತ ಯೋಚಿಸಬಹುದು. ಇಬ್ಬರದೂ ವೈರಲ್ ಲೋಡ್ ಮಾಡಿಸಿ, ವೈರಸ್ ಅಡಗಿದೆ ಎಂದು ಗೊತ್ತಾದ ಮೇಲೆ ಕಾಂಡೋಮ್ ಬಿಡಿ. ಮೊದಲ ಹೆರಿಗೆ ಮತ್ತು ಎರಡನೆಯದರ ನಡುವೆ ಎರಡು ವರ್ಷವಾದರೂ ಅಂತರವಿರಲಿ. ಬಸುರಿಗೆ ಒಂದೆರಡು ತಿಂಗಳು ಮೊದಲೇ ಫೋಲಿಕ್ ಆಸಿಡ್ ಶುರು ಮಾಡಿ.

ಬೆನ್ನುಹುರಿಯ ಮಾತು 2018ರದು. ಬೋಟ್ಸ್‌ವಾನಾದಲ್ಲಿ ಡೊಲುಟೆಗ್ರಾವಿರ್ ತೆಗೆದುಕೊಳ್ಳುತ್ತಿರುವಾಗಲೇ ಗರ್ಭ ಕಟ್ಟಿದ ಕೆಲವರಲ್ಲಿ ಅಂಥ ದೋಷ ಕಂಡು ಎಚ್ಚರಿಕೆ ಕೊಟ್ಟರು. ಅದೇ ಅಧ್ಯಯನ ಮುಂದುವರಿದು ಇನ್ನೂ ಸಾವಿರಾರು ಹೆರಿಗೆಗಳ ಲೆಕ್ಕ ಸೇರಿದಾಗ ಬೇರೆ ಔಷಧದವರಿಗೂ ಇವರಿಗೂ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. 2019ರಿಂದ ವಿಶ್ವ ಆರೋಗ್ಯ ಸಂಸ್ಥೆ ಮಗು ಬಯಸುವ ಹೆಣ್ಣುಮಕ್ಕಳಿಗೂ ಇದನ್ನೇ ಸೂಚಿಸುತ್ತಿದೆ. ಆ ಭಯದಿಂದ ಒಂದು ದಿನವೂ ಗುಳಿಗೆ ನಿಲ್ಲಿಸಬೇಡಿ. ಮುಟ್ಟು ತಪ್ಪಿದ ವಾರವೇ ಎಆರ್‌ಟಿ ಕೇಂದ್ರಕ್ಕೆ ಹೋಗಿ ತಿಳಿಸಿ, 32ನೇ ವಾರದ ತಾರೀಖನ್ನು ಅಂದೇ ಬರೆಸಿಕೊಂಡು ಬನ್ನಿ.